ಕಡಲೆಕಾಯಿ ರೋಗಗಳ ಹತೋಟಿಗೆ ಬೆಳೆ ಪರಿವರ್ತನೆ

(ಕಬ್ಬು ಅಭಿವೃದ್ಧಿ ಅಧಿಕಾರಿಗಳಿಂದ)

ನಮ್ಮ ಸದಸ್ಯ ರೈತ ಬಾಂಧವರಲ್ಲಿ ಕಬ್ಬಿನ ಜೊತೆಗೆ ಕಡಲೆಕಾಯಿಯನ್ನೂ ಬೆಳೆಯುವವರು ಅನೇಕರಿದ್ದಾರೆ. ಕಬ್ಬಿನ ಹಣ ಕೈಗೆ ಬರಲು ವರ್ಷ ಕಾಯಬೇಕು. ಕಡಲೆಕಾಯಿಯಾದರೆ ನಾಲ್ಕು ತಿಂಗಳೊಳಗೆ ಮನೆಗೆ ಬರುತ್ತದೆ. ಎಣ್ಣೆಗೆ ಕಾಳು, ದನಕ್ಕೆ ಬಳ್ಳಿ, ನೆಲಕ್ಕೆ ಸಾರಜನಕ, ಹೀಗೆ ಮೂರು ಕಡೆಯಿಂದಲೂ ಉಪಯೋಗ. ಆದ್ದರಿಂದಲೇ ಗುಂಡ್ಲುಪೇಟೆ, ಚಾಮರಾಜನಗರ, ತಾಳವಾಡಿ ಕಡೆಯ ಕೆಮ್ಮಣ್ಣಿನ ಹೊಲಗಳಲ್ಲಿ ಈ ಬೆಳೆ ಬಿಡದೆ ನಡೆದುಬಂದಿದೆ.

ಆದರೆ ಕ್ಷೇತ್ರ ಸಂದರ್ಶನಕ್ಕೆ ಹೋದಾಗ ಸದಸ್ಯರಿಂದ ಕೇಳಿಬರುವ ಮಾತು ಒಂದೇ ಬಗೆಯದು. "ಮೊದಲ ವರ್ಷ ಚೆನ್ನಾಗಿ ಬಂತು. ಎರಡನೆಯ ವರ್ಷ ಸುಮಾರು. ಮೂರನೆಯ ವರ್ಷ ಬೀಜದ ಹಣವೂ ಹುಟ್ಟಲಿಲ್ಲ. ಇನ್ನೆಷ್ಟು ಗೊಬ್ಬರ ಹಾಕಬೇಕು?" ಎಂದು ಕೇಳುತ್ತಾರೆ. ಒಂದೇ ಹೊಲದಲ್ಲಿ ವರ್ಷ ವರ್ಷವೂ ಕಡಲೆಕಾಯಿ ಬಿತ್ತಿದ್ದರೆ ಇದಕ್ಕೆ ಉತ್ತರ ಹೆಚ್ಚಾಗಿ ಗೊಬ್ಬರದ ಚೀಲದಲ್ಲಿ ಇರುವುದಿಲ್ಲ. ಹಿಂದಿನ ಬೆಳೆ ಬಿಟ್ಟುಹೋದ ರೋಗ ಮಣ್ಣಿನಲ್ಲಿಯೇ ಕಾದಿದ್ದು ಮುಂದಿನ ಬೆಳೆಯನ್ನು ಹಿಡಿಯುತ್ತದೆ. ಎಕರೆಗೆ ಸುಮಾರು 50 ಕಿಲೋ ಸುಲಿದ ಬೀಜ ಬೇಕಾಗುವ ಬೆಳೆ ಇದು. ಇಷ್ಟು ಬೀಜವನ್ನು ಸಾಲ ಮಾಡಿ ತಂದು ರೋಗ ತುಂಬಿದ ನೆಲಕ್ಕೆ ಹಾಕುವುದು ಎಷ್ಟು ನಷ್ಟದ ಕೆಲಸವೆಂದು ಬೇರೆ ಹೇಳಬೇಕಾಗಿಲ್ಲ.

ಇದಕ್ಕೆ ಖರ್ಚಿಲ್ಲದ ಮದ್ದು ಬೆಳೆ ಪರಿವರ್ತನೆ. ಆದರೆ ಯಾವ ಬೆಳೆಯ ನಂತರ ಯಾವುದನ್ನು ಹಾಕಬೇಕು, ಎಷ್ಟು ವರ್ಷ ಬಿಡಬೇಕು, ಯಾವ ರೋಗ ಇದಕ್ಕೆ ಬಗ್ಗುತ್ತದೆ, ಯಾವುದು ಬಗ್ಗುವುದಿಲ್ಲ ಎಂಬುದನ್ನು ತಿಳಿದು ಮಾಡಿದರೆ ಮಾತ್ರ ಫಲ ಸಿಗುತ್ತದೆ. ಈ ವಿಷಯದಲ್ಲಿ ಕಬ್ಬು ಬೆಳೆಗಾರರಿಗೆ ಬೇರೆಯವರಿಗಿಲ್ಲದ ಅನುಕೂಲವೊಂದಿದೆ. ಅದನ್ನೂ ಈ ಲೇಖನದಲ್ಲಿ ವಿವರಿಸಲಾಗಿದೆ.

ರೋಗ ಎಲ್ಲಿ ಅಡಗಿರುತ್ತದೆ?

ಕಡಲೆಕಾಯಿ ಕಿತ್ತು ಬಳ್ಳಿ ಸಾಗಿಸಿದ ಮೇಲೆ ಹೊಲ ಬರಿದಾಗಿ ಕಾಣುತ್ತದೆ. ರೋಗಾಣುಗಳು ಮಾತ್ರ ಮೂರು ಬಗೆಯಲ್ಲಿ ಉಳಿದುಕೊಳ್ಳುತ್ತವೆ. ಕೆಲವು ಹೊಲದಲ್ಲೇ ಬಿದ್ದ ಎಲೆ, ಕಡ್ಡಿಗಳಲ್ಲಿ ಉಳಿಯುತ್ತವೆ. ಕೆಲವು ಬೆಳೆಯೇ ಇಲ್ಲದಿದ್ದರೂ ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುತ್ತವೆ. ಇನ್ನು ಕೆಲವು ಹೊಲದಲ್ಲಿ ಇರುವುದೇ ಇಲ್ಲ; ಗಾಳಿಯಲ್ಲಿ ಅಥವಾ ಕೀಟದ ಮೂಲಕ ಹೊರಗಿನಿಂದ ಬರುತ್ತವೆ.

ಬೆಳೆ ಪರಿವರ್ತನೆಯೆಂದರೆ ರೋಗಾಣುವಿಗೆ ಅದು ತಿನ್ನುವ ಬೆಳೆ ಸಿಗದಂತೆ ಮಾಡಿ ಉಪವಾಸ ಕೆಡವುವುದು. ಮನೆಯೊಳಗೆ ಕುಳಿತವನನ್ನು ಉಪವಾಸ ಕೆಡವಬಹುದು. ಊಟದ ಹೊತ್ತಿಗೆ ಹೊರಗಿನಿಂದ ಬರುವವನನ್ನು ಕೆಡವಲಾಗದು. ಆದ್ದರಿಂದ ಮೊದಲನೆಯ ಬಗೆಗೆ ಪರಿವರ್ತನೆ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ಎರಡನೆಯದಕ್ಕೆ ಸರಿಯಾದ ಬೆಳೆಯನ್ನು ಆರಿಸಿದರೆ ಕೆಲಸ ಮಾಡುತ್ತದೆ. ಮೂರನೆಯದಕ್ಕೆ ಹೆಚ್ಚು ಉಪಯೋಗವಿಲ್ಲ. ಈ ಭೇದವನ್ನು ತಿಳಿಯದವರು "ಬೆಳೆ ಬದಲಾಯಿಸಿದರೂ ರೋಗ ಬಂತು" ಎಂದು ಪದ್ಧತಿಯನ್ನೇ ಕೈಬಿಡುತ್ತಾರೆ.

ಎಲೆಚುಕ್ಕೆ ರೋಗ

ಟಿಕ್ಕಾ ರೋಗವೆಂದು ಎಲ್ಲರಿಗೂ ಪರಿಚಯವಿರುವುದು ಇದೇ. ಇದರಲ್ಲಿ ಎರಡು ಜಾತಿ. ಬಿತ್ತಿದ ಸುಮಾರು ಒಂದು ತಿಂಗಳಿಗೆ ಕಾಣಿಸುವ ಮುಂಚಿನ ಎಲೆಚುಕ್ಕೆಯಲ್ಲಿ ಕಂದು ಬಣ್ಣದ ಚುಕ್ಕೆಯ ಸುತ್ತ ಹಳದಿ ಉಂಗುರ ಎದ್ದು ಕಾಣುತ್ತದೆ. ಅನಂತರ ಬರುವ ತಡವಾದ ಎಲೆಚುಕ್ಕೆಯಲ್ಲಿ ಚುಕ್ಕೆ ದುಂಡಗೆ, ಕಪ್ಪಗೆ ಇದ್ದು, ಎಲೆಯ ಕೆಳಮೈಯಲ್ಲಿ ಕಾಡಿಗೆಯಂತೆ ಕಾಣುತ್ತದೆ. ಎರಡರಲ್ಲೂ ಎಲೆ ಉದುರಿ, ಕಾಯಿ ತುಂಬುವ ಹೊತ್ತಿಗೆ ಬರೀ ಕಡ್ಡಿ ನಿಲ್ಲುತ್ತದೆ. ರೋಗ ಜೋರಾದ ವರ್ಷ ಅರ್ಧದಷ್ಟು ಇಳುವರಿ ಹೋಗುವುದುಂಟು. ಊಳು ಸಡಿಲಗೊಂಡು ಕೀಳುವಾಗ ಕಾಯಿ ನೆಲದಲ್ಲೇ ಉಳಿಯುವುದು ಮತ್ತೊಂದು ನಷ್ಟ.

ಈ ಎರಡು ಶಿಲೀಂಧ್ರಗಳೂ ಬದುಕುವುದು ಕಡಲೆಕಾಯಿ ಗಿಡದ ಮೇಲೆ ಮಾತ್ರ. ರಾಗಿ, ಜೋಳ, ಹುರುಳಿ, ಅವರೆ, ಕಬ್ಬು ಇವು ಯಾವುವೂ ಅದಕ್ಕೆ ಆಹಾರವಲ್ಲ. ಹಿಂದಿನ ಬೆಳೆಯ ಉದುರೆಲೆಗಳಲ್ಲಿ ಮತ್ತು ಹೊಲದಲ್ಲಿ ಬಿಟ್ಟುಹೋದ ಕಾಯಿಯಿಂದ ತಾನಾಗಿ ಹುಟ್ಟಿದ ಗಿಡಗಳಲ್ಲಿ ಅದು ಉಳಿದಿರುತ್ತದೆ. ಎಲೆ ಕೊಳೆತು ಮಣ್ಣಾದರೆ ಅದರ ಕಥೆ ಮುಗಿಯಿತು. ಹಾಗಾಗಿ ಒಂದೆರಡು ವರ್ಷ ಬೇರೆ ಬೆಳೆ ಹಾಕಿದರೂ ಸಾಕು, ರೋಗದ ಆರಂಭ ತಡವಾಗುತ್ತದೆ. ಹತ್ತು ಹದಿನೈದು ದಿನ ತಡವಾದರೆ ಅಷ್ಟು ದಿನ ಕಾಯಿ ತುಂಬುತ್ತದೆ. ಒಂದು ಸಿಂಪರಣೆಯ ಖರ್ಚೂ ಉಳಿಯಬಹುದು.

ಆದರೆ ನೆನಪಿರಲಿ: ಬೇರೆ ಬೆಳೆಯ ನಡುವೆ ತಾನಾಗಿ ಹುಟ್ಟಿದ ಕಡಲೆಕಾಯಿ ಗಿಡವನ್ನು "ಇರಲಿ, ಎರಡು ಕಾಯಿ ಸಿಗುತ್ತದೆ" ಎಂದು ಬಿಟ್ಟರೆ ಪರಿವರ್ತನೆ ಮಾಡಿದ್ದೂ ಒಂದೇ, ಮಾಡದಿದ್ದುದೂ ಒಂದೇ. ಕಳೆಯೆಂದೇ ಭಾವಿಸಿ ಅವನ್ನು ಕೀಳತಕ್ಕದ್ದು.

ಬುಡಕೊಳೆ ರೋಗ

ನೀರಾವರಿ ಹೊಲಗಳಲ್ಲಿ ಎಲ್ಲಕ್ಕಿಂತ ಕೆಟ್ಟದ್ದು ಇದು. ಊಳು ಇಳಿದು ಗಿಡಗಳು ಸಾಲು ಮುಚ್ಚಿದ ಮೇಲೆ ಅಲ್ಲೊಂದು ಇಲ್ಲೊಂದು ಕೊಂಬೆ ಬಾಡುತ್ತದೆ. ಬುಡ ಬಿಡಿಸಿ ನೋಡಿದರೆ ಬಿಳಿ ನೂಲಿನಂತಹ ಬೂಷ್ಟು, ಅದರ ಮೇಲೆ ಸಾಸಿವೆ ಕಾಳಿನಂತಹ ಗುಂಡುಗಳು ಕಾಣುತ್ತವೆ. ಗುಂಡುಗಳು ಮೊದಲು ಬಿಳಿಯಾಗಿದ್ದು ಆಮೇಲೆ ಕಂದು ಬಣ್ಣಕ್ಕೆ ತಿರುಗುತ್ತವೆ. ಶಿಲೀಂಧ್ರದ ಹೆಸರು ಸ್ಕ್ಲೆರೋಷಿಯಂ ರಾಲ್ಫ್ಸಿ. ಅಮೆರಿಕದ ಫ್ಲಾರಿಡಾದಲ್ಲಿ 1892ರಲ್ಲಿ ಟೊಮೇಟೊ ಬೆಳೆಯ ಮೇಲೆ ಇದನ್ನು ವರದಿ ಮಾಡಿದ ರಾಲ್ಫ್ಸ್ ಎಂಬ ವಿಜ್ಞಾನಿಯಿಂದ ಈ ಹೆಸರು ಬಂದಿದೆ.

ಆ ಸಾಸಿವೆ ಗುಂಡುಗಳೇ ಅದರ ಬೀಜವಿದ್ದಂತೆ. ಮಣ್ಣಿನ ಮೇಲ್ಪದರದಲ್ಲಿ ಅವು ಎರಡು ಮೂರು ವರ್ಷ, ಕೆಲವು ವೇಳೆ ಅದಕ್ಕೂ ಹೆಚ್ಚು ಕಾಲ ಬದುಕುತ್ತವೆ. ಇದು ಎಲೆಚುಕ್ಕೆಯ ಹಾಗೆ ಒಂದೇ ಬೆಳೆಯನ್ನು ನಂಬಿದ ರೋಗವಲ್ಲ. ಐನೂರಕ್ಕೂ ಹೆಚ್ಚು ಜಾತಿಯ ಸಸ್ಯಗಳ ಮೇಲೆ ಬದುಕಬಲ್ಲದು. ಟೊಮೇಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ, ಈರುಳ್ಳಿ, ಹುರುಳಿಕಾಯಿ, ಅಲಸಂದೆ, ಸೂರ್ಯಕಾಂತಿ ಇವೆಲ್ಲ ಅದಕ್ಕೆ ಒಗ್ಗುತ್ತವೆ. ಆದ್ದರಿಂದ ಕಡಲೆಕಾಯಿಯ ನಂತರ ಟೊಮೇಟೊ, ಟೊಮೇಟೊ ನಂತರ ಮತ್ತೆ ಕಡಲೆಕಾಯಿ ಹಾಕುವವರು ಬೆಳೆ ಬದಲಾಯಿಸಿದ್ದೇವೆಂದು ತಿಳಿದಿರುತ್ತಾರೆ. ಬುಡಕೊಳೆಯ ಲೆಕ್ಕದಲ್ಲಿ ಅವರು ಏನನ್ನೂ ಬದಲಾಯಿಸಿಲ್ಲ.

ಈ ರೋಗಕ್ಕೆ ಹುಲ್ಲಿನ ಜಾತಿಯ ಬೆಳೆಗಳೇ ಆಗಬೇಕು. ಜೋಳ, ಮುಸುಕಿನ ಜೋಳ, ಭತ್ತ ಇವು ಅದನ್ನು ಅಷ್ಟಾಗಿ ಹೆಚ್ಚಿಸುವುದಿಲ್ಲ. ಎರಡು ಮೂರು ವರ್ಷ ಇವುಗಳಲ್ಲಿ ಕಳೆದರೆ ಗುಂಡುಗಳ ಸಂಖ್ಯೆ ಇಳಿಯುತ್ತದೆ. ಗಾಳಿ ಆಡದ ಆಳಕ್ಕೆ ಹೋದ ಗುಂಡು ಮೊಳೆಯಲಾರದಾದ್ದರಿಂದ ಮಣ್ಣು ಮಗುಚಿ ಬೀಳುವಂತೆ ಆಳವಾಗಿ ಉಳುವುದೂ ಸಹಾಯಕ. ಒಮ್ಮೆ ಆಳಕ್ಕೆ ತಳ್ಳಿದ್ದನ್ನು ಮುಂದಿನ ಬಿತ್ತನೆಗೆ ಪುನಃ ಆಳವಾಗಿ ಉತ್ತು ಮೇಲೆ ತರಬಾರದು.

ಕತ್ತುಕೊಳೆ ಮತ್ತು ಒಣ ಬೇರುಕೊಳೆ

ಮೊಳಕೆಯಲ್ಲೇ ಗಿಡ ಬಾಡಿ, ಬುಡದಲ್ಲಿ ಕಪ್ಪು ಪುಡಿ ಕಂಡರೆ ಅದು ಕತ್ತುಕೊಳೆ. ಇದು ಮಣ್ಣಿನಿಂದಲೂ ಬೀಜದಿಂದಲೂ ಬರುತ್ತದೆ. ಹೊಲ ಬದಲಾಯಿಸಿ ಹಳೆಯ ರೋಗದ ಬೀಜವನ್ನೇ ಹಾಕಿದರೆ ರೋಗವನ್ನು ಕೈಯಾರೆ ಹೊಸ ಹೊಲಕ್ಕೆ ಹೊತ್ತೊಯ್ದಂತೆ. ಬೀಜೋಪಚಾರವಿಲ್ಲದೆ ಇಲ್ಲಿ ಪರಿವರ್ತನೆಯೊಂದೇ ಸಾಲದು.

ಒಣ ಬೇರುಕೊಳೆ ಮಳೆ ಕೈಕೊಟ್ಟು ನೆಲ ಕಾದಾಗ ಬರುತ್ತದೆ. ಇದರ ಶಿಲೀಂಧ್ರ ಜೋಳವನ್ನೂ ಹಿಡಿಯುತ್ತದೆ. ಜೋಳದ ದಂಟು ಒಳಗೆ ಇದ್ದಿಲಿನಂತೆ ಕಪ್ಪಾಗುವುದು ಇದರಿಂದಲೇ. ಹೊಲದಲ್ಲಿ ಈ ರೋಗವಿದ್ದರೆ ಜೋಳಕ್ಕೆ ಬದಲು ರಾಗಿಯನ್ನು ಆರಿಸುವುದು ಮೇಲು.

ಬೆಳೆ ಪರಿವರ್ತನೆಗೆ ಬಗ್ಗದ ರೋಗಗಳು

1. ತುಕ್ಕು ರೋಗ: ಎಲೆಯ ಕೆಳಮೈಯಲ್ಲಿ ಕಿತ್ತಳೆ ಬಣ್ಣದ ಪುಡಿ. ಇದರ ಬೀಜಕಣಗಳು ಹೊಲದಲ್ಲಿ ಬಹಳ ದಿನ ಬದುಕಲಾರವು. ಬೆಳೆಯಿಂದ ಬೆಳೆಗೆ ಗಾಳಿಯಲ್ಲಿ ಹಾರಿ ಬರುತ್ತವೆ. ಹಿಂದೆ ತಾವು ಏನು ಬೆಳೆದಿದ್ದಿರಿ ಎಂಬುದು ಅದಕ್ಕೆ ಸಂಬಂಧವಿಲ್ಲ. ಇಲ್ಲಿ ತಳಿಯ ಆಯ್ಕೆಯೇ ಮುಖ್ಯ. ತಿಂಡಿವನಂ ಕೇಂದ್ರದಿಂದ 1940ರಲ್ಲಿ ಬಂದ ಟಿ.ಎಂ.ವಿ.-2 ತಳಿ ನಮ್ಮ ಕಡೆ ಮನೆಮಾತಾದರೂ ತುಕ್ಕು, ಎಲೆಚುಕ್ಕೆ ಎರಡಕ್ಕೂ ಬೇಗ ತುತ್ತಾಗುತ್ತದೆ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಜಿ.ಪಿ.ಬಿ.ಡಿ.-4 ತಳಿಗೆ ತುಕ್ಕು ಮತ್ತು ತಡವಾದ ಎಲೆಚುಕ್ಕೆ ಎರಡನ್ನೂ ತಡೆಯುವ ಶಕ್ತಿಯಿದೆ.

2. ಕುಡಿ ಸಾಯುವ ನಂಜುರೋಗ: ಕುಡಿ ಒಣಗಿ ಗಿಡ ಗಿಡ್ಡಾಗುತ್ತದೆ. ಥ್ರಿಪ್ಸ್ ನುಸಿಯಿಂದ ಹರಡುತ್ತದೆ. ಸಕಾಲದ ಬಿತ್ತನೆ ಮತ್ತು ಖಾಲಿ ಬಿಡದ ದಟ್ಟ ಸಾಲು ಇದಕ್ಕೆ ಉಪಾಯ.

3. ಕಾಂಡ ಒಣಗುವ ನಂಜುರೋಗ: ಆಂಧ್ರಪ್ರದೇಶದ ಅನಂತಪುರ ಜಿಲ್ಲೆಯಲ್ಲಿ 2000ನೇ ಇಸವಿಯ ಮುಂಗಾರಿನಲ್ಲಿ ಸುಮಾರು 2,25,000 ಹೆಕ್ಟೇರ್ ಕಡಲೆಕಾಯಿ ಈ ರೋಗಕ್ಕೆ ಸಿಕ್ಕಿತು. ನಷ್ಟವನ್ನು 300 ಕೋಟಿ ರೂಪಾಯಿಗೂ ಮೇಲೆಂದು ಅಂದಾಜು ಮಾಡಲಾಯಿತು. ಈ ನಂಜು ಪಾರ್ಥೇನಿಯಂ ಕಳೆಯಲ್ಲಿ ಹೊರಗೆ ಯಾವ ಲಕ್ಷಣವನ್ನೂ ತೋರಿಸದೆ ಇರುತ್ತದೆ. ಅದರ ಹೂವಿನ ಪರಾಗವನ್ನು ಮೈಗೆ ಅಂಟಿಸಿಕೊಂಡ ನುಸಿಗಳು ಕಡಲೆಕಾಯಿಯ ಎಲೆಗೆ ಬಂದು ಕಚ್ಚಿದಾಗ ನಂಜು ಒಳಸೇರುತ್ತದೆ.

ಈ ಮೂರನೆಯದು ನಮ್ಮ ಕಡೆಯವರು ಗಮನವಿಟ್ಟು ಓದಬೇಕಾದ ವಿಷಯ. ಗುಂಡ್ಲುಪೇಟೆ ರಸ್ತೆಯ ಎರಡು ಬದಿಯಲ್ಲೂ ಸೂರ್ಯಕಾಂತಿ ಮತ್ತು ಚೆಂಡುಹೂವಿನ ಹೊಲಗಳಿವೆ. ಅದೇ ನಂಜು ಈ ಎರಡು ಬೆಳೆಗಳಿಗೂ ತಗಲುತ್ತದೆ. ಆದ್ದರಿಂದ ಹೂಬಿಟ್ಟ ಸೂರ್ಯಕಾಂತಿ, ಚೆಂಡುಹೂವಿನ ಮಗ್ಗುಲಲ್ಲಿ ಕಡಲೆಕಾಯಿ ಬಿತ್ತುವುದು ಸರಿಯಲ್ಲ. ಬದುಗಳ ಪಾರ್ಥೇನಿಯಂ ಗಿಡವನ್ನು ಹೂ ಬಿಡುವ ಮೊದಲೇ ಕೀಳಬೇಕು. ಹೊಲದ ಸುತ್ತ ಏಳೆಂಟು ಸಾಲು ಜೋಳ ಅಥವಾ ಸಜ್ಜೆಯನ್ನು ಒತ್ತಾಗಿ ಹಾಕಿದರೆ ಗಾಳಿಯಲ್ಲಿ ತೇಲಿ ಬರುವ ನುಸಿಗೆ ಅಡ್ಡಿಯಾಗುತ್ತದೆ.

ರಾಗಿಯ ಸರದಿ

ನಮ್ಮ ಹಿರಿಯರು ಒಂದು ವರ್ಷ ರಾಗಿ, ಒಂದು ವರ್ಷ ಕಡಲೆಕಾಯಿ ಎಂದು ಸರದಿ ಇಟ್ಟುಕೊಂಡಿದ್ದುದಕ್ಕೆ ಅರ್ಥವಿತ್ತು. ಬೆಂಗಳೂರಿನ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಒಣಭೂಮಿಯಲ್ಲಿ 1978ರಿಂದ ಒಂದೆಡೆ ರಾಗಿಯನ್ನೇ ಬೆಳೆಯುತ್ತ, ಇನ್ನೊಂದೆಡೆ ರಾಗಿ ಮತ್ತು ಕಡಲೆಕಾಯಿಯನ್ನು ಸರದಿಯಲ್ಲಿ ಬೆಳೆಯುತ್ತ ದೀರ್ಘಕಾಲದ ಪ್ರಯೋಗಗಳು ನಡೆದುಬಂದಿವೆ. ಕೊಟ್ಟಿಗೆ ಗೊಬ್ಬರದೊಡನೆ ರಾಸಾಯನಿಕ ಗೊಬ್ಬರವನ್ನೂ ಸೇರಿಸಿ, ಬೆಳೆಯನ್ನೂ ಬದಲಾಯಿಸಿದರೆ ಕೆಮ್ಮಣ್ಣಿನ ಶಕ್ತಿ ನಿಲ್ಲುತ್ತದೆಂಬುದು ಅಂತಹ ಪ್ರಯೋಗಗಳಿಂದ ದೃಢಪಟ್ಟ ಮಾತು.

ಸರದಿ ಕೆಟ್ಟಿದ್ದು ಬೆಲೆಯ ಆಸೆಯಿಂದ. ಒಂದು ವರ್ಷ ಒಳ್ಳೆಯ ದರ ಸಿಕ್ಕಿತೆಂದರೆ ಮರುವರ್ಷ ರಾಗಿಯ ಹೊಲಕ್ಕೂ ಕಡಲೆಕಾಯಿಯೇ ಇಳಿಯುತ್ತದೆ. ಚಳ್ಳಕೆರೆ, ಪಾವಗಡ, ಅನಂತಪುರದ ಕಡೆ ಮಳೆ ನಂಬಿದ ಹೊಲಗಳಲ್ಲಿ ಬಹಳ ವರ್ಷ ಹೀಗೆಯೇ ನಡೆಯಿತು. ಅಲ್ಲಿಯ ರೈತರಿಗೆ ಬೇರೆ ದಾರಿ ಕಡಿಮೆ. ನೀರಿರುವ ನಮ್ಮ ಸದಸ್ಯರಿಗೆ ದಾರಿಯಿದೆ.

ಕಬ್ಬಿನ ಗದ್ದೆಯ ಅನುಕೂಲ

ಕಬ್ಬು ಹುಲ್ಲಿನ ಜಾತಿಯ ಬೆಳೆ. ತನಿ ಕಬ್ಬು ಹನ್ನೆರಡು ತಿಂಗಳು, ಎರಡು ಕೂಳೆ ಹನ್ನೊಂದು ತಿಂಗಳಂತೆ ಇಪ್ಪತ್ತೆರಡು ತಿಂಗಳು, ಒಟ್ಟು ಮೂವತ್ತನಾಲ್ಕು ತಿಂಗಳು ಆ ನೆಲದಲ್ಲಿ ಕಡಲೆಕಾಯಿಯ ರೋಗಕ್ಕೆ ತಿನ್ನಲು ಏನೂ ಸಿಗುವುದಿಲ್ಲ. ಒಣಭೂಮಿಯ ರೈತ ಕಷ್ಟಪಟ್ಟು ಬಿಡಬೇಕಾದ ಮೂರು ವರ್ಷದ ಅಂತರ ಕಬ್ಬಿನವರಿಗೆ ತಾನಾಗಿ ದೊರೆಯುತ್ತದೆ. ಮಾಡಬೇಕಾದುದಿಷ್ಟೆ: ಕಡೆಯ ಕೂಳೆಗೂ ಮುಂದಿನ ನಾಟಿಗೂ ನಡುವೆ ಒಂದು ಬಾರಿ, ಒಂದೇ ಬಾರಿ, ಕಡಲೆಕಾಯಿ ತೆಗೆಯುವುದು.

ಇದಕ್ಕೆ ಎರಡು ಹೊಂದಾಣಿಕೆಗಳಿವೆ.

ಒಂದು: ಡಿಸೆಂಬರ್ ಅಥವಾ ಜನವರಿ ಆರಂಭದಲ್ಲಿ ಕಡೆಯ ಕೂಳೆಯನ್ನು ಕಡಿದು, ಜನವರಿ ಕೊನೆಯಿಂದ ಫೆಬ್ರವರಿ ಮೊದಲ ವಾರದೊಳಗೆ ಬೇಸಿಗೆ ಕಡಲೆಕಾಯಿ ಬಿತ್ತುವುದು. ಮೇ ಕೊನೆಗೆ ಕಿತ್ತು, ಜೂನ್-ಜುಲೈನಲ್ಲಿ ಕಬ್ಬು ನೆಡುವುದು. ಬೇಸಿಗೆಯಲ್ಲಿ ಎಲೆಯ ಮೇಲೆ ತೇವ ನಿಲ್ಲುವುದು ಕಡಿಮೆಯಾದ್ದರಿಂದ ಎಲೆಚುಕ್ಕೆಯೂ ಕಡಿಮೆ.

ಎರಡು: ಏಪ್ರಿಲ್-ಮೇ ತಿಂಗಳಲ್ಲಿ ಕೂಳೆ ಕಡಿದವರು ಜೂನ್-ಜುಲೈನಲ್ಲಿ ಮುಂಗಾರು ಕಡಲೆಕಾಯಿ ಬಿತ್ತಿ, ಅಕ್ಟೋಬರ್‌ನಲ್ಲಿ ಕಿತ್ತು, ಡಿಸೆಂಬರ್-ಜನವರಿಯಲ್ಲಿ ಕಬ್ಬು ನೆಡುವುದು.

ಕಬ್ಬಿಗೂ ಇದರಿಂದ ಲಾಭವಿದೆ. ಕಬ್ಬಿನ ಮೇಲೆ ಕಬ್ಬು ನೆಟ್ಟ ನೆಲ ಮುದಿಯಾಗುವುದನ್ನು ಎಲ್ಲರೂ ಬಲ್ಲಿರಿ. ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡಿನ ಕಬ್ಬಿನ ಸೀಮೆಯಲ್ಲೂ ಇದೇ ದೂರು ಇತ್ತು. 1993ರಿಂದ ಅಲ್ಲಿ ಹಲವು ಸಂಸ್ಥೆಗಳು ಕೂಡಿ ಇದರ ಕಾರಣ ಹುಡುಕಿದವು. ಬಿಡುವಿಲ್ಲದೆ ಕಬ್ಬನ್ನೇ ಬೆಳೆಯುವುದರಿಂದ ಬೇರಿಗೆ ಕೇಡು ಮಾಡುವ ಜೀವಿಗಳು ಹೆಚ್ಚುತ್ತವೆಂದೂ, ನಡುವೆ ದ್ವಿದಳ ಬೆಳೆಯೊಂದನ್ನು ತೆಗೆದರೆ ಮುಂದಿನ ಕಬ್ಬಿನ ಇಳುವರಿ ಚೇತರಿಸಿಕೊಳ್ಳುತ್ತದೆಂದೂ ಕಂಡುಬಂತು. ಅಲ್ಲಿಯ ಬಂಡಾಬರ್ಗ್ ಸುತ್ತಿನ ಬೆಳೆಗಾರರು ಈಗ ಕಬ್ಬು ಮತ್ತು ಕಡಲೆಕಾಯಿಯನ್ನು ಸರದಿಯಲ್ಲಿ ಬೆಳೆಯುತ್ತಾರೆ. ಕಬ್ಬಿನ ಕೆಂಪುಕೊಳೆ ಕಂಡ ಗದ್ದೆಯಲ್ಲಿಯೂ ಕೂಳೆ ಬಿಡದೆ ಬುಡ ಕಿತ್ತು ಬೇರೆ ಬೆಳೆ ಹಾಕಬೇಕೆಂಬುದು ಇದೇ ತತ್ವ.

ಆದರೆ ಕಬ್ಬಿನ ಗದ್ದೆಯಲ್ಲಿ ಕಡಲೆಕಾಯಿ ಹಾಕುವಾಗ ಕೆಲವು ಎಚ್ಚರಿಕೆಗಳನ್ನು ಪಾಲಿಸಲೇಬೇಕು.

1. ತರಗು: ಬುಡಕೊಳೆಯ ಶಿಲೀಂಧ್ರ ಕೊಳೆಯದ ತರಗಿನ ಮೇಲೆ ಚೆನ್ನಾಗಿ ಹಬ್ಬುತ್ತದೆ. ಕಬ್ಬಿನ ತರಗನ್ನು ಮೇಲ್ಮಣ್ಣಿನಲ್ಲಿ ಅರೆಬರೆ ಸೇರಿಸಿ ತಕ್ಷಣ ಕಡಲೆಕಾಯಿ ಬಿತ್ತಿದರೆ ರೋಗಕ್ಕೆ ಹಾಸಿಗೆ ಹಾಸಿಕೊಟ್ಟಂತೆ. ತರಗನ್ನು ಸುಡಲೂ ಬೇಡಿ. ಗದ್ದೆಯ ಅಂಚಿಗೆ ಸಾಗಿಸಿ, ಸಗಣಿ ನೀರು ಚಿಮುಕಿಸಿ ಗುಂಡಿಯಲ್ಲಿ ಕೊಳೆಸಿ, ಮುಂದೆ ಕಬ್ಬು ನೆಡುವಾಗ ಬಳಸಿ. ಕೂಳೆಯ ಬುಡಗಳನ್ನೂ ಕಿತ್ತು ಹೊರಹಾಕಿ. ಕಾರ್ಖಾನೆಯ ಮಡ್ಡಿ ಗೊಬ್ಬರವನ್ನೂ ಪೂರ್ತಿ ಕಳಿತ ಮೇಲೆಯೇ ಹಾಕಿ.

2. ಗೊಣ್ಣೆಹುಳು: ಕಬ್ಬಿನ ಬೇರನ್ನೂ ಕಡಲೆಕಾಯಿಯ ಬೇರನ್ನೂ ಇದು ತಿನ್ನುತ್ತದೆ. ಹುಳುವಿನ ಕಾಟವಿರುವ ಗದ್ದೆಯಲ್ಲಿ ಈ ಎರಡರ ನಡುವಿನ ಬದಲಾವಣೆಯಿಂದ ಪ್ರಯೋಜನವಿಲ್ಲ. ಅಲ್ಲಿ ಬೇಸಿಗೆ ಉಳುಮೆ ಮಾಡಿ ಹುಳುವನ್ನು ಹಕ್ಕಿಗಳಿಗೆ ಒಪ್ಪಿಸಿ, ಮುಂಗಾರು ಮೊದಲ ಮಳೆಗೆ ಸಂಜೆ ಬೇವು, ಜಾಲಿ ಮರಗಳಿಗೆ ಬರುವ ದುಂಬಿಗಳನ್ನು ಊರವರೆಲ್ಲ ಸೇರಿ ಹಿಡಿದು ಕೊಲ್ಲಬೇಕು. ನೀರು ನಿಲ್ಲಿಸಬಲ್ಲ ಗದ್ದೆಯಾದರೆ ಭತ್ತ ಹಾಕುವುದು ಒಳ್ಳೆಯದು.

3. ಮಣ್ಣು: ಕೆಮ್ಮಣ್ಣು, ಮರಳುಗೋಡು ಮಣ್ಣಿಗೆ ಮಾತ್ರ ಈ ಸಲಹೆ. ಎರೆಮಣ್ಣಿನಲ್ಲಿ ಊಳು ಇಳಿಯುವುದೂ ಕಾಯಿ ಕೀಳುವುದೂ ಕಷ್ಟ. ಅಲ್ಲಿ ಕಾಯಿ ಹೆಚ್ಚು ಉಳಿದು, ತಾನಾಗಿ ಹುಟ್ಟುವ ಗಿಡವೂ ಹೆಚ್ಚು. ಎರೆಭೂಮಿಯವರು ಸೆಣಬು ಅಥವಾ ಡಯಂಚ ಹಸಿರೆಲೆ ಗೊಬ್ಬರದ ಬೆಳೆ ಹಾಕಿ ಮಣ್ಣಿಗೆ ಸೇರಿಸುವುದು ಮೇಲು.

4. ಕಳೆನಾಶಕ: ಕಡೆಯ ಕೂಳೆಗೆ ಅಟ್ರಜಿನ್ ಹಾಕಿದ್ದರೆ ಅದರ ಶೇಷ ಎಳೆಯ ಗಿಡಕ್ಕೆ ತೊಂದರೆ ಮಾಡಬಹುದು. ಗದ್ದೆಯ ಮೂಲೆಯಲ್ಲಿ ನೂರು ಬೀಜ ಮೊದಲು ಹಾಕಿ, ಎರಡು ವಾರ ಗಿಡದ ಬಣ್ಣ ನೋಡಿ ಮುಂದುವರಿಯಿರಿ.

5. ಅಂತರಬೆಳೆ: ತನಿ ಕಬ್ಬಿನ ಸಾಲುಗಳ ನಡುವೆ ಅಂತರಬೆಳೆಯಾಗಿ ಹಾಕಿದ ಕಡಲೆಕಾಯಿಯೂ ಕಡಲೆಕಾಯಿಯೇ. ಕಬ್ಬಿಗೆ ಮುಂಚೆ ಒಂದು ಸಲ, ಕಬ್ಬಿನ ನಡುವೆ ಒಂದು ಸಲ ಹಾಕಿದರೆ ರೋಗಕ್ಕೆ ಒಂದೇ ವರ್ಷದಲ್ಲಿ ಎರಡು ಊಟ. ಒಂದನ್ನು ಮಾತ್ರ ಆರಿಸಿ.

ಬಳ್ಳಿಯ ವಿಷಯದಲ್ಲಿ ಒಂದು ಮಾತು. ಬಳ್ಳಿಯನ್ನೆಲ್ಲ ದನಕ್ಕೆ ಸಾಗಿಸಿದರೆ ಗಿಡ ಕೂಡಿಟ್ಟ ಸಾರಜನಕದ ಬಹುಪಾಲು ಅದರೊಡನೆ ಹೋಗುತ್ತದೆ. ಉಳಿದ ಬೇರು ಮತ್ತು ಉದುರೆಲೆಯನ್ನು ನಂಬಿ ಕಬ್ಬಿನ ಯೂರಿಯಾವನ್ನು ಹೆಚ್ಚು ಕಡಿತ ಮಾಡಬಾರದು. ಮಣ್ಣು ಪರೀಕ್ಷೆ ಮಾಡಿಸಿ ನಿರ್ಧರಿಸಿ. ಇನ್ನು ರೋಗದ ಎಲೆ ಗದ್ದೆಯಲ್ಲಿ ಉಳಿದರೆ ಹೇಗೆಂಬ ಚಿಂತೆ ಬೇಡ. ಮುಂದೆ ಮೂರು ವರ್ಷ ಕಬ್ಬೇ ಇರುವುದರಿಂದ ಅದು ಕೊಳೆತು ಮಣ್ಣಾಗುತ್ತದೆ. ಆದರೆ ಪಕ್ಕದ ಹೊಲಕ್ಕೆ ಮುಂದಿನ ಹಂಗಾಮಿನಲ್ಲಿ ಕಡಲೆಕಾಯಿ ಬರುವುದಿದ್ದರೆ ಬಳ್ಳಿಯ ಮೆದೆಯನ್ನು ಆ ಬದುವಿನಲ್ಲಿ ಒಟ್ಟಕೂಡದು.

ಮಳೆಯಾಶ್ರಯದ ಹೊಲಗಳಿಗೆ

ಕಬ್ಬಿಲ್ಲದ ಮಸಿನಗುಡಿ, ಮಾವನಹಳ್ಳ, ಬೊಕ್ಕಾಪುರ ಕಡೆಯ ಬಂಧುಗಳಿಗೂ ಈ ವಿಷಯ ಉಪಯೋಗಕ್ಕೆ ಬರುತ್ತದೆ. ಪಡುವಲಲ್ಲಿ ಗೂಡಲೂರಿನ ಮೇಲೆ ಸುರಿದ ಮುಂಗಾರು ಮಸಿನಗುಡಿ ತಲುಪುವ ವೇಳೆಗೆ ಬಹಳ ಕಡಿಮೆಯಾಗುತ್ತದೆ. ಎಲೆಚುಕ್ಕೆಗೆ ಎಲೆಯ ಮೇಲೆ ಹೊತ್ತು ಹೊತ್ತಿನ ತೇವ ಬೇಕು. ಹೀಗಾಗಿ ಒಣಸೀಮೆಯಲ್ಲಿ ರೋಗ ಮೊದಲು ನಿಧಾನ. ಆದರೆ ಸೆಪ್ಟೆಂಬರ್-ಅಕ್ಟೋಬರ್ ಮಳೆ ಮತ್ತು ಇಬ್ಬನಿ ಕಾಯಿ ತುಂಬುವ ಕಾಲಕ್ಕೆ ಸೇರಿದಾಗ ಒಮ್ಮೆಲೆ ಏರುತ್ತದೆ. ಹೊಲದಲ್ಲಿ ಹಳೆಯ ಎಲೆ ಇಲ್ಲದಿದ್ದರೆ ಈ ಏರಿಕೆ ತಡವಾಗುತ್ತದೆ.

ಅಲ್ಲಿಯ ತೊಡಕು ಬೇರೆ. ಸರದಿಗೆ ಒಪ್ಪುವ ರಾಗಿ, ಜೋಳವನ್ನು ಕಾಡಿನಂಚಿನ ಹೊಲದಲ್ಲಿ ಹಾಕಿದರೆ ರೋಗಕ್ಕಿಂತ ಮೊದಲು ಆನೆ ಬರುತ್ತದೆ. ಕಡಲೆಕಾಯಿಗೆ ಹಂದಿ ಬರುತ್ತದೆ. ಅಂತಹವರು ಮನೆಗೆ ಹತ್ತಿರದ, ಕಾವಲಿಗೆ ಸಿಗುವ ತುಂಡಿನಲ್ಲಿ ರಾಗಿ ಮತ್ತು ಕಡಲೆಕಾಯಿಯ ಸರದಿ ಇಟ್ಟುಕೊಂಡು, ಅಂಚಿನ ತುಂಡಿಗೆ ಹುರುಳಿ ಹಾಕಬಹುದು. ಹುರುಳಿಯೂ ದ್ವಿದಳವೇ ಆದರೂ ಕಡಲೆಕಾಯಿಯ ಎಲೆಚುಕ್ಕೆ ಅದಕ್ಕೆ ತಗಲುವುದಿಲ್ಲ. ಬುಡಕೊಳೆ ಇರುವ ಹೊಲಕ್ಕೆ ಮಾತ್ರ ಇದು ಸಾಲದು.

ಪರಿವರ್ತನೆಯ ಜೊತೆಗೆ ಮಾಡತಕ್ಕವು

1. ರೋಗ ಕಂಡ ಹೊಲದ ಕಾಯಿಯನ್ನು ಬೀಜಕ್ಕೆ ಇಡಬೇಡಿ.
2. ಬಿತ್ತುವ ಮುನ್ನ ಕಿಲೋ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾ ಪುಡಿಯಿಂದ ಉಪಚರಿಸಿ ನೆರಳಲ್ಲಿ ಆರಿಸಿ. ಇದನ್ನು ರಾಸಾಯನಿಕ ಶಿಲೀಂಧ್ರನಾಶಕದೊಡನೆ ಬೆರೆಸಬಾರದು.
3. ಹೂ ಬಿಡುವಾಗ ಎಕರೆಗೆ 200 ಕಿಲೋ ಜಿಪ್ಸಂ ಹಾಕಿ. ಮಣ್ಣೇರಿಸುವಾಗ ಗಿಡದ ಬುಡ ಮತ್ತು ಎಲೆ ಮುಚ್ಚುವಂತೆ ಮಣ್ಣು ಎಸೆಯಬೇಡಿ. ಬುಡಕೊಳೆಗೆ ಅದು ದಾರಿ.
4. ರೋಗದ ಹೊಲದಿಂದ ಹರಿದ ನೀರನ್ನು ಕೆಳಗಿನ ಕಡಲೆಕಾಯಿ ಹೊಲಕ್ಕೆ ಬಿಡಬೇಡಿ. ಸಾಸಿವೆ ಗುಂಡುಗಳು ನೀರಿನಲ್ಲಿ ತೇಲಿ ಹೋಗುತ್ತವೆ.
5. ಕೀಳುವ ವಾರದ ಮೊದಲು ಹೊಲದ ಐದು ಕಡೆ ನೂರು ನೂರು ಗಿಡ ಎಣಿಸಿ, ಅದರಲ್ಲಿ ಬುಡಕೊಳೆಯವು ಎಷ್ಟೆಂದು ಪುಸ್ತಕದಲ್ಲಿ ಬರೆದಿಡಿ. ಮುಂದೆ ಆ ಹೊಲಕ್ಕೆ ಕಡಲೆಕಾಯಿ ಯಾವಾಗ ಬರಬಹುದೆಂಬುದನ್ನು ಈ ಲೆಕ್ಕವೇ ಹೇಳುತ್ತದೆ.

ಕೊನೆಯದಾಗಿ ಒಂದು ಕೋರಿಕೆ. ಎಲೆಚುಕ್ಕೆಯ ಬೀಜಕಣ ಬದು ನೋಡಿ ನಿಲ್ಲುವುದಿಲ್ಲ. ಒಬ್ಬರು ಸರದಿ ಪಾಲಿಸಿ ಪಕ್ಕದವರು ವರ್ಷ ವರ್ಷವೂ ಕಡಲೆಕಾಯಿಯನ್ನೇ ಬಿತ್ತಿದರೆ ಪೂರ್ಣ ಫಲ ಸಿಗದು. ಕಬ್ಬಿನ ನಾಟಿಯನ್ನು ನಾವು ವಲಯವಾರು ನೋಂದಾಯಿಸುವಂತೆಯೇ, ಅಕ್ಕಪಕ್ಕದ ನಾಲ್ಕೈದು ಸದಸ್ಯರು ಕೂಡಿ ಕಡೆಯ ಕೂಳೆ ಮತ್ತು ಕಡಲೆಕಾಯಿಯ ಸರದಿಯನ್ನೂ ಒಂದೇ ಕಾಲಕ್ಕೆ ಹೊಂದಿಸಿಕೊಂಡರೆ ಎಲ್ಲರಿಗೂ ಉಪಕಾರ. ಸಹಕಾರವೆಂಬುದು ಕಾರ್ಖಾನೆಯ ಗೇಟಿನಲ್ಲಿ ಮಾತ್ರವಲ್ಲ, ಹೊಲದ ಬದುವಿನಲ್ಲಿಯೂ ನಡೆಯಬೇಕಾದ ಕೆಲಸ.

ಈ ಹಂಗಾಮಿನಲ್ಲಿ ಕಡೆಯ ಕೂಳೆ ಕಡಿಯುವ ಸದಸ್ಯರು ತಮ್ಮ ವಲಯದ ಕ್ಷೇತ್ರ ಸಹಾಯಕರನ್ನು ಕಂಡು, ಗದ್ದೆಯ ಮಣ್ಣು, ಹಿಂದಿನ ಬೆಳೆಗಳ ವಿವರ ಮತ್ತು ಕಂಡ ರೋಗಗಳನ್ನು ತಿಳಿಸಿ, ಮುಂದಿನ ಸರದಿಯನ್ನು ನಿಶ್ಚಯಿಸಿಕೊಳ್ಳಬೇಕಾಗಿ ಕೋರಲಾಗಿದೆ. ಬಾಡಿದ ಗಿಡವಿದ್ದರೆ ಬೇರು ಮತ್ತು ಬುಡದ ಮಣ್ಣು ಸಮೇತ ಕಾಗದದಲ್ಲಿ ಸುತ್ತಿ ತನ್ನಿ. ಯಾವ ರೋಗವೆಂದು ಗುರುತಿಸದೆ ಯಾವ ಬೆಳೆಯನ್ನು ಹಾಕಬೇಕೆಂದು ಹೇಳಲು ಬಾರದು.